ಕಲ್ಲೆಣ್ಣೆಯ ಶಾಸನದಲ್ಲಿ ಅಭಾವವಿಚಾರ

ಲಕ್ಷಣವಾಕ್ಯಗಳ ವಿಮರ್ಶೆಯು ಅಲಂಕಾರಶಾಸ್ತ್ರಕ್ಕೂ ತರ್ಕಗ್ರಂಥಗಳಿಗೂ ಮಾತ್ರ ಸೇರಿದ ವ್ಯವಸಾಯವೆಂಬ ಭಾವನೆಯು ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರಲ್ಲಿ ಸಾಮಾನ್ಯವಾಗಿರುತ್ತದೆ. ಸರ್ಕಾರದ ಶಾಸನಗಳ ಭಾಷೆಯನ್ನು ವಕೀಲರಿಗೂ ಗುಮಾಸ್ತರಿಗೂ ಬಿಟ್ಟುಕೊಟ್ಟು ನಾವು ಕಾವ್ಯಗಳ ಪಾಠಾಂತರಗಳಲ್ಲಿ ಕಾಲ ಕಳೆಯುತ್ತೇವೆ. ಈ ಲೇಖಕನೂ ಬಹುಕಾಲ ಹಾಗೆಯೇ ಇದ್ದವನು. ಆದರೆ ಕೆಲವು ತಿಂಗಳುಗಳ ಹಿಂದೆ, ಒಂದು ತಾಲ್ಲೂಕು ಕೇಂದ್ರದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿರುವ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ಲೈಸೆನ್ಸಿನ ಕಾಗದಗಳನ್ನೂ ಅದರ ಷರತ್ತುಗಳ ತನ್ನದೇ ಕನ್ನಡ ಅನುವಾದವನ್ನೂ ಹಿಡಿದುಕೊಂಡು ಬಂದು, “ಗುರುಗಳೇ, ನಮ್ಮಲ್ಲಿ ಕೆಲಸ ಮಾಡುವ ಹುಡುಗರಿಗೆ ಇಂಗ್ಲಿಷು ಬಾರದು, ಇದನ್ನು ಬೋರ್ಡಿಗೆ ಬರೆಸಬೇಕು, ಒಮ್ಮೆ ನೋಡಿಕೊಡಬೇಕು” ಎಂದು ಕೇಳಿದನು. ಕಾಗುಣಿತವನ್ನು ತಿದ್ದಿ ಕಳುಹಿಸುವುದೆಂದು ಕುಳಿತೆವು. ಅದು ಒಂದು ದಿನದಲ್ಲಿ ಮುಗಿಯಲಿಲ್ಲ. ಮೂಲಶಾಸನವನ್ನೂ ಅದರ ನಿಯಮಗಳನ್ನೂ ತರಿಸಿ ಓದಬೇಕಾಯಿತು.

ಓದಿದ ಮೇಲೆ ನಮಗೆ ತೋರಿದ್ದು ಇಷ್ಟು. ಕಲ್ಲೆಣ್ಣೆಯ ಟ್ಯಾಂಕುಗಳನ್ನು ಕುರಿತ ಈ ಶಾಸನದಲ್ಲಿ ಪ್ರಾಣಾಪಾಯಕ್ಕೆ ಸಂಬಂಧಪಟ್ಟ ಮಾತುಗಳಲ್ಲಿ ಮುಖ್ಯವಾದವು ಅಭಾವವಾಚಕಗಳು: ಟ್ಯಾಂಕು ಬರಿದಾಗಿದೆ, ಆಕ್ಷೇಪಣೆಯಿಲ್ಲ, ನಿವೇಶನದಲ್ಲಿ ಹಕ್ಕಿಲ್ಲ, ಇತ್ಯಾದಿ. ಅಭಾವವೆಂದರೆ ಬರಿಯ “ಇಲ್ಲ” ಎಂಬ ಮಾತಲ್ಲವೆಂಬುದನ್ನು ನೈಯಾಯಿಕರು ನಮಗೆ ಕಲಿಸಿದ್ದಾರಷ್ಟೆ. ಯಾವುದು ಇಲ್ಲವೋ ಆ ವಸ್ತುವು ಆ ಅಭಾವಕ್ಕೆ ಪ್ರತಿಯೋಗಿ. ಪ್ರತಿಯೋಗಿಯನ್ನು ತಿಳಿಯದೆ ಅಭಾವವು ತಿಳಿಯುವುದಿಲ್ಲ. ಶಾಸನಕಾರರು ಪ್ರತಿಯೋಗಿಯನ್ನು ಎಚ್ಚರದಿಂದ ನಿರ್ದೇಶಿಸಿದ ಕಡೆಗಳಲ್ಲಿಯೂ ನಮ್ಮ ಕನ್ನಡವು ಅದನ್ನು ಕೈಬಿಡುತ್ತದೆ. ಇದರಿಂದ ಕಾವ್ಯದಲ್ಲಾದರೆ ರಸಭಂಗ; ಇಲ್ಲಿ ಆಗುವುದು ಬೇರೆ.

ಮೊದಲು ಶಾಸನದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಭಾರತದಲ್ಲಿ ಕಲ್ಲೆಣ್ಣೆಯ ವಿಷಯವಾಗಿ 1886ರಲ್ಲಿ ಒಂದು ಶಾಸನವೂ 1899ರಲ್ಲಿ ಇನ್ನೊಂದೂ ಆದವು. ಈಗ ಜಾರಿಯಲ್ಲಿರುವುದು 1934ನೆಯ ಇಸವಿಯ 30ನೆಯ ಶಾಸನ. ಅದರ ಕೆಳಗೆ 1937ರಲ್ಲಿ, 1976ರಲ್ಲಿ ಮತ್ತು 2002ರಲ್ಲಿ ನಿಯಮಾವಳಿಗಳು ರಚಿತವಾದವು; 2002ರ ನಿಯಮಗಳಿಗೆ ಆಮೇಲೆ ತಿದ್ದುಪಡಿಗಳೂ ಆಗಿವೆ. ಇವುಗಳನ್ನು ನಡೆಸುವ ಇಲಾಖೆಯು 1898ರಲ್ಲಿ ಸ್ಫೋಟಕಗಳ ಇಲಾಖೆಯೆಂದು ಹುಟ್ಟಿ, ಈಗ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯೆಂಬ ಹೆಸರಿನಿಂದ ನಾಗಪುರದಲ್ಲಿ ಮುಖ್ಯ ಕಚೇರಿಯನ್ನು ಹೊಂದಿದೆ. ಮಂಗಳೂರಿನ ಶುದ್ಧೀಕರಣಾಗಾರದ ದೊಡ್ಡ ಟ್ಯಾಂಕುಗಳು ಮೊದಲುಗೊಂಡು ನಮ್ಮ ಶಿಷ್ಯನ ಬಂಕಿನ ನೆಲದಡಿಯ ಟ್ಯಾಂಕಿನವರೆಗೆ ಎಲ್ಲವೂ ಈ ಒಂದೇ ಶಾಸನಕ್ಕೆ ಒಳಪಟ್ಟಿವೆ.

ಇನ್ನು ಶಬ್ದಕ್ಕೆ ಬರೋಣ. “ಪೆಟ್ರೋಲಿಯಂ” ಎಂಬುದು ಕಲ್ಲು ಎಂಬರ್ಥದ ಶಬ್ದಕ್ಕೆ ಎಣ್ಣೆ ಎಂಬರ್ಥದ ಲ್ಯಾಟಿನ್ ಶಬ್ದವು ಸೇರಿ ಆದುದು. “ಕಲ್ಲೆಣ್ಣೆ”, “ಶಿಲಾತೈಲ” ಎಂಬುವು ಅದರ ಅನುಸರಣಗಳು. ಇಲ್ಲಿ ಒಂದು ಸ್ವಾರಸ್ಯವಿದೆ. ತೈಲವೆಂದರೆ ತಿಲದಿಂದ ಬಂದದ್ದು. ನಮ್ಮ ಎಣ್ಣೆಯೂ ಎಳ್ಳಿನ ನೆಯ್ಯೇ, ಎಳ್ಳಿನಿಂದಾದ ಜಿಡ್ಡೇ. ಲ್ಯಾಟಿನರ ಎಣ್ಣೆಯ ಶಬ್ದವೂ ಆಲಿವ್ ಕಾಯಿಯ ಹೆಸರಿನೊಡನೆ ಹುಟ್ಟಿದ್ದು. ಮೂರು ಭಾಷೆಗಳೂ ಬೆಳೆಯ ಹೆಸರನ್ನು ಕಲ್ಲಿನಿಂದ ಬಂದ ದ್ರವಕ್ಕೆ ತೊಡಿಸಿವೆ. ತಮಿಳರು ಸೀಮೆಎಣ್ಣೆಯನ್ನು ಮಣ್ಣೆಣ್ಣೆಯೆನ್ನುತ್ತಾರೆ. ನಮ್ಮ ಉತ್ತರದ ಜಿಲ್ಲೆಗಳವರು ಚಿಮಣಿಯೆಣ್ಣೆಯೆನ್ನುತ್ತಾರೆ. ಒಬ್ಬರು ಹುಟ್ಟಿದ ಸ್ಥಳದಿಂದಲೂ ಒಬ್ಬರು ಉರಿಯುವ ಸ್ಥಳದಿಂದಲೂ ಹೆಸರಿಟ್ಟರು. ಹಳೆಯ ಮೈಸೂರಿನವರು ಸೀಮೆಸುಣ್ಣ, ಸೀಮೆಹಸುಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿ ಪರದೇಶದ್ದೆಂದು ತೀರಿಸಿಬಿಟ್ಟರು. ಲೋಕವ್ಯವಹಾರಕ್ಕೆ ಇವೆಲ್ಲ ಸಾಕು. ಶಾಸನಕ್ಕೆ ಯೋಗಾರ್ಥವೂ ಸಾಲದು, ರೂಢಿಯೂ ಸಾಲದು, ಪರಿಭಾಷೆಯೇ ಬೇಕು.

ಶಾಸನದ ಪರಿಭಾಷೆಯ ತಾತ್ಪರ್ಯವು ಹೀಗಿದೆ: ದ್ರವರೂಪದ ಯಾವುದೇ ಜಲಜನಕ-ಇಂಗಾಲ ಸಂಯುಕ್ತ, ಅಂಥವುಗಳ ಮಿಶ್ರಣ, ಮತ್ತು ಅಂಥ ದ್ರವವು ಒಳಗೊಂಡಿದ್ದು ಹೊತ್ತಿಕೊಳ್ಳಬಲ್ಲ ಯಾವುದೇ ಮಿಶ್ರಣ, ಅದು ನೀರಿನಂತಿರಲಿ, ಅಂಟಿನಂತಿರಲಿ, ಗಟ್ಟಿಯಾಗಿರಲಿ. ಲಕ್ಷಣದೋಷಗಳನ್ನು ಇಲ್ಲಿ ಪರೀಕ್ಷಿಸಬಹುದು. “ನೆಲದಿಂದ ತೆಗೆದ ಎಣ್ಣೆ” ಎಂದಷ್ಟೇ ಹೇಳಿದ್ದರೆ, ಕಾರ್ಖಾನೆಯಲ್ಲಿ ಕೃತಕವಾಗಿ ಮಾಡಿದ ದ್ರವಕ್ಕೆ ಅನ್ವಯಿಸದೆ ಅವ್ಯಾಪ್ತಿಯಾಗುತ್ತಿತ್ತು. “ಹೊತ್ತಿಕೊಳ್ಳುವ ಎಣ್ಣೆ” ಎಂದಿದ್ದರೆ ದೇವರ ಮುಂದಿನ ದೀಪದ ಎಳ್ಳೆಣ್ಣೆಗೂ ಲೈಸೆನ್ಸು ಬೇಕಾಗಿ ಅತಿವ್ಯಾಪ್ತಿಯಾಗುತ್ತಿತ್ತು. ಬೀಜದ ಎಣ್ಣೆಗಳಲ್ಲಿ ಜಲಜನಕ ಇಂಗಾಲಗಳ ಜೊತೆಗೆ ಆಮ್ಲಜನಕವೂ ಸೇರಿರುವುದರಿಂದ ಅವು ಈ ಲಕ್ಷಣದಿಂದ ಹೊರಗುಳಿಯುತ್ತವೆ. ಲಕ್ಷಣವನ್ನು ರಚಿಸಿದವರು ತರ್ಕಸಂಗ್ರಹವನ್ನು ಓದಿದವರಲ್ಲವಾದರೂ ಓದಿದವರಂತೆ ನಡೆದಿದ್ದಾರೆಂದು ಒಪ್ಪಬೇಕು.

ಆದರೆ ಈ ಲಕ್ಷಣದಲ್ಲಿ ಅಪಾಯದ ಪ್ರಮಾಣವು ಬರಲಿಲ್ಲ. ಅದನ್ನು ತಿಳಿಸುವುದು ಜ್ವಲನಬಿಂದು. ಎಣ್ಣೆಯನ್ನು ಮೆಲ್ಲಗೆ ಕಾಯಿಸುತ್ತ ಹೋದರೆ, ಅದರ ಮೇಲೆ ಏಳುವ ಆವಿಯು ಕಿಡಿ ತಾಕಿದೊಡನೆ ಕ್ಷಣಮಾತ್ರ ಮಿಂಚಿ ಆರುವಂಥ ಒಂದು ಉಷ್ಣತೆಯುಂಟು. ಅಂಥ ಉಷ್ಣತೆಗಳಲ್ಲಿ ಅತ್ಯಂತ ಕಡಿಮೆಯಾದುದು ಆ ಎಣ್ಣೆಯ ಜ್ವಲನಬಿಂದು. ಇದನ್ನಳೆಯುವ ಉಪಕರಣದ ಒಂದು ಮಾದರಿಯನ್ನು ಸರ್ಕಾರವು ನೇಮಿಸಿದ ಅಧಿಕಾರಿಯ ವಶದಲ್ಲಿಟ್ಟು, ಇತರ ಉಪಕರಣಗಳನ್ನು ಅದರೊಡನೆ ಹೋಲಿಸಿ ಪ್ರಮಾಣಪತ್ರ ಕೊಡಬೇಕೆಂದು ಶಾಸನವೇ ವಿಧಿಸಿದೆ. ಲಕ್ಷಣವನ್ನು ಹೇಳಿದ ಬಾಯಲ್ಲಿಯೇ ಪ್ರಮಾಣವನ್ನೂ ಹೇಳಿದ ಈ ಕ್ರಮವು ನಮಗೆ ಬಹಳ ಮೆಚ್ಚಿಗೆಯಾಯಿತು.

ಹಿಂದೆ ಶಾಸನವು ಕಲ್ಲೆಣ್ಣೆಗಳನ್ನು “ಅಪಾಯಕರ” ಮತ್ತು “ಅಪಾಯಕರವಲ್ಲದ” ಎಂದು ಎರಡಾಗಿ ವಿಂಗಡಿಸುತ್ತಿತ್ತು. ಫ್ಯಾರನ್‌ಹೈಟ್ ಮಾನದ 76 ಡಿಗ್ರಿಗಿಂತ ಕೆಳಗೆ ಮಿಂಚುವುದು ಮೊದಲನೆಯದು, ಮಿಕ್ಕದ್ದು ಎರಡನೆಯದು. ಮನೆಯ ಗುಡಿಸಲುಗಳನ್ನೂ ಮಕ್ಕಳ ಬಟ್ಟೆಗಳನ್ನೂ ಎಷ್ಟೋ ಸಲ ಸುಟ್ಟ ಸೀಮೆಎಣ್ಣೆಯು ಈ ಎರಡನೆಯ ಪಂಗಡದಲ್ಲಿ ಕುಳಿತು ಅಪಾಯಕರವಲ್ಲದ್ದೆಂಬ ಬಿರುದನ್ನು ಧರಿಸಿತ್ತು. ಇಲ್ಲಿಯ ನಿಷೇಧವು ಒಂದು ಮಟ್ಟದ ಅಪಾಯವನ್ನು ಮಾತ್ರ ನಿಷೇಧಿಸುವುದೇ ಹೊರತು ಅಪಾಯಮಾತ್ರವನ್ನಲ್ಲ. ಆದರೆ ಡಬ್ಬದ ಮೇಲಿನ ಮಾತನ್ನು ಓದುವವನಿಗೆ ಈ ವಿವೇಕವನ್ನು ಯಾರು ಹೇಳಿಕೊಡಬೇಕು? 1970ರ ತಿದ್ದುಪಡಿಯು ಈ ಹೆಸರುಗಳನ್ನು ತೆಗೆದು ಎ, ಬಿ, ಸಿ ಎಂಬ ಮೂರು ವರ್ಗಗಳನ್ನು ಮಾಡಿತು. ಸೆಲ್ಸಿಯಸ್ ಮಾನದಲ್ಲಿ 23 ಡಿಗ್ರಿಗಿಂತ ಕೆಳಗೆ ಮಿಂಚುವುದು ಎ ವರ್ಗ. 23ರಿಂದ ಮೇಲೆ 65ರ ಒಳಗೆ ಬಿ ವರ್ಗ. 65ರಿಂದ ಮೇಲೆ 93ರ ಒಳಗೆ ಸಿ ವರ್ಗ. ಪೆಟ್ರೋಲು ಎ, ಸೀಮೆಎಣ್ಣೆ, ಡೀಸಲುಗಳು ಬಿ, ಕುಲುಮೆಗಳಲ್ಲಿ ಉರಿಸುವ ದಪ್ಪ ಎಣ್ಣೆಯು ಸಿ. 93 ಡಿಗ್ರಿಯ ಕೆಳಗೆ ಮಿಂಚದ ಎಣ್ಣೆಗಳಿಗೆ ಲೈಸೆನ್ಸಿನ ಪ್ರಕರಣವು ಅನ್ವಯಿಸುವುದಿಲ್ಲ. ಪೆಟ್ರೋಲಿನ ಜ್ವಲನಬಿಂದುವು ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿದೆಯೆಂಬುದನ್ನು ಇಲ್ಲಿ ನೆನಪಿಡತಕ್ಕದ್ದು. ಮಡಿಕೇರಿಯ ಮಾಗಿಯ ಚಳಿಯಾಗಲಿ ಮಂಜುಗಡ್ಡೆಯಾಗಲಿ ಅದರ ಆವಿಯನ್ನು ತಡೆಯಲಾರವು.

ಅಕ್ಷರಗಳಿಗೆ ಭಾವವಿಲ್ಲ, ಆದಕಾರಣ ಅವು ಮೋಸಮಾಡುವುದಿಲ್ಲವೆಂದು ತಿದ್ದುಪಡಿಕಾರರು ಎಣಿಸಿರಬೇಕು. ಅವರು ಕನ್ನಡವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಶಿಷ್ಯನು “ಎ ದರ್ಜೆಯ ಪೆಟ್ರೋಲಿಯಂ” ಎಂದು ಬರೆದುಕೊಂಡು ಬಂದಿದ್ದನು. ದರ್ಜೆಯೆಂದರೆ ನಮ್ಮಲ್ಲಿ ಗುಣದ ತಾರತಮ್ಯ: ಮೊದಲನೆಯ ದರ್ಜೆಯ ರೈಲುಗಾಡಿ, ಮೊದಲನೆಯ ದರ್ಜೆಯ ಕಾಫಿಪುಡಿ. ಬೋರ್ಡನ್ನು ಓದಿದ ಹುಡುಗನು ತಮ್ಮಲ್ಲಿರುವುದು ಬಹಳ ಒಳ್ಳೆಯ ಮಾಲೆಂದು ಸಂತೋಷಪಟ್ಟಾನೇ ಹೊರತು ಹಿಂದೆ ಸರಿಯಲಾರನು. “ವರ್ಗ” ಎಂದು ತಿದ್ದಿ, ಪಕ್ಕದಲ್ಲಿ “ಬಹು ಬೇಗ ಹೊತ್ತಿಕೊಳ್ಳುವುದು” ಎಂದು ಬರೆಸಿದೆವು.

ಲೈಸೆನ್ಸು ಯಾರಿಗೆ ಬೇಡ ಎಂಬುದನ್ನೂ ಶಾಸನವು ಅಳತೆಯಿಟ್ಟು ಹೇಳಿದೆ. ಬಿ ವರ್ಗದ್ದು ಒಂದು ಸ್ಥಳದಲ್ಲಿ ಒಟ್ಟು 2500 ಲೀಟರನ್ನು ಮೀರದೆ, ಯಾವ ಒಂದು ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಲ್ಲದಿದ್ದರೆ ಲೈಸೆನ್ಸು ಬೇಡ. ಎ ವರ್ಗದ್ದು ಒಟ್ಟು 30 ಲೀಟರಿನೊಳಗಿದ್ದು, ಮಾರಾಟಕ್ಕಲ್ಲದಿದ್ದು, ಗಾಜು ಅಥವಾ ಪಿಂಗಾಣಿಯಂಥ ಪಾತ್ರೆಯಾದರೆ ಒಂದೊಂದರಲ್ಲಿ 1 ಲೀಟರು, ಲೋಹದ ಪಾತ್ರೆಯಾದರೆ 25 ಲೀಟರು ಮೀರದಿದ್ದರೆ ಬೇಡ. ಹಳ್ಳಿಯ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಸೀಸೆಗಳಲ್ಲಿ ಪೆಟ್ರೋಲನ್ನು ಸಾಲಾಗಿ ನಿಲ್ಲಿಸಿ ಮಾರುವುದನ್ನು ನಾವೆಲ್ಲ ಕಂಡಿದ್ದೇವೆ. ಅಂಗಡಿಯವನನ್ನು ಕೇಳಿದರೆ “ಇದು ಸ್ವಲ್ಪ ತಾನೆ” ಎನ್ನುತ್ತಾನೆ. ಸ್ವಲ್ಪವೇನೋ ನಿಜ, “ಮಾರಾಟಕ್ಕಲ್ಲದ” ಎಂಬ ವಿಶೇಷಣವೊಂದು ಅವನಿಗೆ ತಿಳಿಯದು, ಹೇಳಿದವರೂ ಇಲ್ಲ.

ಈಗ ಅನುಮತಿಯ ಕ್ರಮ. ಬಂಕಿನ ಅಥವಾ ದೊಡ್ಡ ಸಂಗ್ರಹಾಗಾರದ ನಕ್ಷೆಯು ಸುರಕ್ಷತಾ ಸಂಸ್ಥೆಯ ನಿಯಂತ್ರಕಾಧಿಕಾರಿಗಳ ಅನುಮೋದನೆಯನ್ನು ಪಡೆಯಬೇಕು. ಜಿಲ್ಲೆಯ ಅಧಿಕಾರಸ್ಥರಿಂದ, ಎಂದರೆ ಪೊಲೀಸ್ ಕಮಿಷನರಿರುವ ಊರುಗಳಲ್ಲಿ ಅವರ ಕಚೇರಿಯಿಂದ, ಮಿಕ್ಕ ಕಡೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ, ನಿರಾಕ್ಷೇಪಣಾ ಪತ್ರವನ್ನು ತರಬೇಕು. ಟ್ಯಾಂಕನ್ನು ಇಳಿಸಿದ ಮೇಲೆ ಬಲ್ಲವರಿಂದ ಪರೀಕ್ಷೆಯಾಗಿ ಪ್ರಮಾಣಪತ್ರವಾಗಬೇಕು. ಇವೆಲ್ಲ ಆದ ಮೇಲೆ ಲೈಸೆನ್ಸು. 2002ರ ನಿಯಮಗಳು ನಿರಾಕ್ಷೇಪಣೆಯ ವಿಚಾರಣೆಯನ್ನು ಮೂರು ತಿಂಗಳೊಳಗೆ ಮುಗಿಸಬೇಕೆಂದು ಗಡುವಿಟ್ಟವು.

ನಿರಾಕ್ಷೇಪಣೆಯೆಂಬುದು ಆಕ್ಷೇಪಣೆಯ ಅಭಾವ. ಅದು ಅನುಮತಿಯಲ್ಲ. ಮದುವೆಯ ಮಾತಿನಲ್ಲಿ “ನಮ್ಮದೇನೂ ಅಡ್ಡಿಯಿಲ್ಲ” ಎಂದ ಚಿಕ್ಕಪ್ಪನು ಕನ್ಯಾದಾನ ಮಾಡಿದಂತಾಗುವುದಿಲ್ಲ. ಜಿಲ್ಲೆಯವರು ನೋಡುವುದು ಆ ಸ್ಥಳದಲ್ಲಿ ಅದು ಇರಬಹುದೇ ಎಂಬುದನ್ನು. ಟ್ಯಾಂಕು ಹೇಗಿರಬೇಕೆಂಬುದನ್ನು ನೋಡುವವರು ಬೇರೆ. ಆದರೂ ಅನೇಕರು ನಿರಾಕ್ಷೇಪಣೆ ಬಂದ ದಿನವೇ “ಪರ್ಮಿಷನ್ ಆಯಿತು” ಎಂದು ಸಿಹಿ ಹಂಚುತ್ತಾರೆಂದು ನಮ್ಮ ಶಿಷ್ಯನು ಹೇಳಿದನು. ಕನ್ನಡದ ಪತ್ರಿಕೆಗಳೂ ಎರಡನ್ನೂ “ಅನುಮತಿ” ಎಂಬ ಒಂದೇ ಮಾತಿನಿಂದ ಬರೆಯುವುದುಂಟು. ಹೀಗೆ ಬರೆದಾಗ, ಊರಿನವರು ಯಾವ ಹಂತದಲ್ಲಿ ಯಾರ ಮುಂದೆ ತಮ್ಮ ಆಕ್ಷೇಪಣೆಯನ್ನು ಹೇಳಬಹುದಾಗಿತ್ತೆಂಬುದೇ ಮರೆಯಾಗುತ್ತದೆ.

ಹಕ್ಕಿನ ವಿಚಾರವು ಇದಕ್ಕಿಂತ ಗಹನವಾದುದು. ನಮ್ಮ ಧರ್ಮಶಾಸ್ತ್ರಕಾರರ ಹಳೆಯ ವಾದವೊಂದು ಇಲ್ಲಿ ಮರಳಿ ಬಂದಿದೆ. ಲೈಸೆನ್ಸುದಾರನಿಗೆ ನಿವೇಶನದಲ್ಲಿ ಯಾವ ಹಕ್ಕೂ ಇಲ್ಲದಂತಾದರೆ ಲೈಸೆನ್ಸು ರದ್ದಾಗುತ್ತದೆಂದು ನಿಯಮವಿದೆ. ಬಂಕುಗಳು ಬಹುಮಟ್ಟಿಗೆ ಗುತ್ತಿಗೆಯ ನೆಲದಲ್ಲಿರುತ್ತವೆ. ಗುತ್ತಿಗೆಯ ಅವಧಿ ಮುಗಿಯುತ್ತದೆ, ನೆಲದ ಒಡೆಯನು ಬಿಡೆನ್ನುತ್ತಾನೆ, ಬಂಕಿನವನು ಬಿಡುವುದಿಲ್ಲ, ವ್ಯಾಜ್ಯವು ನ್ಯಾಯಾಲಯದಲ್ಲಿರುತ್ತದೆ, ಟ್ಯಾಂಕು ನೆಲದಲ್ಲಿರುತ್ತದೆ. ಈ ಸ್ಥಿತಿಯಲ್ಲಿ ಅವನಿಗೆ “ಯಾವುದಾದರೂ ಹಕ್ಕು” ಇದೆಯೆ? ಸ್ವಾಧೀನದಲ್ಲಿರುವುದೇ ಒಂದು ಹಕ್ಕೆಂದು ಬಂಕಿನವರ ವಾದ. 1976ರ ನಿಯಮಗಳ ಕೆಳಗೆ ಹುಟ್ಟಿದ ಇಂಥ ಒಂದು ವ್ಯಾಜ್ಯದಲ್ಲಿ 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಲ್ಲಿ ಹಕ್ಕೆಂದರೆ ನ್ಯಾಯಸಮ್ಮತವಾದ ಹಕ್ಕೇ, ಗುತ್ತಿಗೆ ತೀರಿದ ಮೇಲೆ ಸುಮ್ಮನೆ ಕುಳಿತಿರುವುದು ಹಕ್ಕಾಗಲಾರದು ಎಂದು ತೀರ್ಮಾನಿಸಿತು.

ಆಗಮಕ್ಕೂ ಭೋಗಕ್ಕೂ ಇರುವ ಈ ತಾರತಮ್ಯವನ್ನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಹೇಳುತ್ತದೆ: ಪೂರ್ವಿಕರಿಂದ ಅನುಕ್ರಮವಾಗಿ ಬಂದ ಭೋಗದ ಹೊರತು, ಭೋಗಕ್ಕಿಂತ ಆಗಮವೇ ಹೆಚ್ಚಿನದು. ಇದರ ಮೇಲೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿದ್ದವನು. ನ್ಯಾಯಾಲಯವು ಅವನ ಹೆಸರನ್ನು ಹೇಳಬೇಕಾದ ಪ್ರಸಂಗವಿರಲಿಲ್ಲ. ಆದರೂ “ಹಕ್ಕಿಲ್ಲ” ಎಂಬ ಅಭಾವದ ಪ್ರತಿಯೋಗಿ ಯಾವುದು, ಆಗಮವೋ ಭೋಗವೋ ಎಂಬ ಪ್ರಶ್ನೆಯು ಒಂದೇ. ಕನ್ನಡದಲ್ಲಿ “ಅನುಭವ”, “ಸ್ವಾಧೀನ”, “ಹಕ್ಕು” ಎಂಬ ಮೂರು ಬೇರೆ ಮಾತುಗಳು ನಮ್ಮ ಕಂದಾಯದ ಕಾಗದಗಳಲ್ಲಿಯೇ ಇವೆ. ಅವುಗಳನ್ನು ಬೆರಸದೆ ಬಳಸಿದರೆ ಸಾಕು, ಹೊಸ ಶಬ್ದಗಳನ್ನು ಟಂಕಿಸಬೇಕಾಗಿಲ್ಲ.

ಇನ್ನು ನಾವು ಮುಖ್ಯವೆಂದು ತಿಳಿದಿರುವ ವಿಷಯ, ಬರಿದಾದ ಟ್ಯಾಂಕು.

ನಿಯಮಗಳ ತಾತ್ಪರ್ಯವೇನೆಂದರೆ, ಎಣ್ಣೆಯನ್ನು ತೆಗೆದ ಟ್ಯಾಂಕುಗಳನ್ನೂ ಪೀಪಾಯಿಗಳನ್ನೂ ಚೆನ್ನಾಗಿ ತೊಳೆದು ಆವಿಯಿಂದ ಬಿಡುಗಡೆ ಮಾಡುವವರೆಗೆ ಭದ್ರವಾಗಿ ಮುಚ್ಚಿಯೇ ಇಡಬೇಕು. ಆವಿಯಿಲ್ಲವೆಂದು ಬಲ್ಲವರು ಪರೀಕ್ಷಿಸಿ ಬರೆದುಕೊಡುವವರೆಗೆ ಒಳಗೆ ಇಳಿಯಕೂಡದು, ಬೆಂಕಿಯ ಕೆಲಸವನ್ನು ಮಾಡಕೂಡದು. ಶಾಸನದ ದೃಷ್ಟಿಯಲ್ಲಿ ಎಣ್ಣೆ ಇಲ್ಲದಿರುವುದು ಒಂದು ಅಭಾವ, ಆವಿ ಇಲ್ಲದಿರುವುದು ಇನ್ನೊಂದು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ಆಗುವುದಿಲ್ಲ. ಅಷ್ಟೇ ಅಲ್ಲ, ಮೊದಲನೆಯದು ಆದಾಗಲೇ ಅಪಾಯವು ಹೆಚ್ಚುತ್ತದೆ. ಪೆಟ್ರೋಲಿನ ಆವಿಯು ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಬೆರೆತಿರುವಾಗ ಮಾತ್ರ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿಯು ಇದಕ್ಕಿಂತ ದಟ್ಟವಾಗಿದ್ದು, ಉರಿಯುವಷ್ಟು ಗಾಳಿಯೇ ಅಲ್ಲಿರುವುದಿಲ್ಲ. ಎಣ್ಣೆಯನ್ನು ತೆಗೆದಾಗ ಅದರ ಜಾಗಕ್ಕೆ ಗಾಳಿ ನುಗ್ಗುತ್ತದೆ. ಗೋಡೆಗಂಟಿದ ಪಸೆಯಿಂದಲೂ ತಳದ ಮಡ್ಡಿಯಿಂದಲೂ ಆವಿ ಏಳುತ್ತಲೇ ಇರುತ್ತದೆ. ಸಿಡಿಯುವ ಪಾಕವು ಆಗ ಸಿದ್ಧವಾಗುತ್ತದೆ. ಲೋಕವು “ಖಾಲಿ” ಎಂದು ನಿರ್ಭಯವಾಗುವ ಗಳಿಗೆಯೇ ಭಯದ ಗಳಿಗೆ.

ನಾವು ಹುಡುಗರಾಗಿದ್ದಾಗ ಕಣ್ಣಾರೆ ಕಂಡದ್ದೊಂದಿದೆ. ನಮ್ಮೂರಿನ ಕಮ್ಮಾರಸಾಲೆಯೊಂದಕ್ಕೆ ಹಳೆಯ ಪೀಪಾಯಿಯನ್ನು ತಂದು, ದನಗಳಿಗೆ ನೀರು ಕುಡಿಸುವ ಬಾನಿ ಮಾಡಲೆಂದು ಅದರ ಮುಚ್ಚಳವನ್ನು ಬೆಂಕಿಯ ಕೊಳವೆಯಿಂದ ಕೊಯ್ಯಲು ತೊಡಗಿದರು. ಪೀಪಾಯಿ ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದದ್ದು. ಬಗ್ಗಿಸಿದರೆ ಒಂದು ಹನಿ ಬೀಳಲಿಲ್ಲ. ಮುಚ್ಚಳವು ಸೂರಿನ ಹೆಂಚನ್ನು ಒಡೆದುಕೊಂಡು ಹೋಯಿತು. ಕೊಯ್ಯುತ್ತಿದ್ದಾತನು ಬದುಕಿದನು, ಆದರೆ ಅವನ ಬಲಗಣ್ಣು ಹೋಯಿತು. “ಏನೂ ಇರಲಿಲ್ಲವಲ್ಲ, ಏನೂ ಇರಲಿಲ್ಲವಲ್ಲ” ಎಂದು ಅವನು ಆಸ್ಪತ್ರೆಯ ಗಾಡಿಯಲ್ಲಿ ಹೇಳುತ್ತಿದ್ದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಅಭಾವಪ್ರಕರಣವನ್ನು ಗುರುಗಳು ಪಾಠ ಹೇಳಿದ್ದು ಇದಾದ ಹತ್ತು ವರ್ಷಗಳ ಮೇಲೆ. ಭೂತಲದಲ್ಲಿ ಘಟವಿಲ್ಲವೆಂಬ ಉದಾಹರಣೆಯನ್ನು ಗಟ್ಟಿಮಾಡುತ್ತಿದ್ದಾಗ ನಮಗೆ ಆ ಪೀಪಾಯಿಯು ನೆನಪಾಗಲಿಲ್ಲವೆಂಬುದು ನಾಚಿಕೆಯ ಸಂಗತಿ.

ಪ್ರಮಾಣದ ತೊಡಕೂ ಇಲ್ಲಿದೆ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕದ ಮೊದಲ ಪಾಠ. ಆದರೆ ಇಲ್ಲಿ ಹೊಗೆಯು ಕಾಣುವ ವೇಳೆಗೆ ಎಲ್ಲವೂ ಮುಗಿದಿರುತ್ತದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲಕ್ಕೇರದೆ ನೀರಿನಂತೆ ತಗ್ಗಿಗೆ ಹರಿದು ಚರಂಡಿಗಳಲ್ಲಿ ನಿಲ್ಲುತ್ತದೆ. 2009ನೆಯ ಅಕ್ಟೋಬರ್ 29ರ ಸಂಜೆ ಜಯಪುರದ ಹೊರವಲಯದ ಸೀತಾಪುರದ ತೈಲಸಂಗ್ರಹಾಗಾರದಲ್ಲಿ, ಪೆಟ್ರೋಲನ್ನು ನೆರೆಯ ಸಂಗ್ರಹಾಗಾರಕ್ಕೆ ಕೊಳವೆಯಲ್ಲಿ ಸಾಗಿಸಲು ಅಣಿಮಾಡುತ್ತಿದ್ದಾಗ ಟ್ಯಾಂಕಿನ ಕವಾಟದ ಬಳಿ ಸೋರಿಕೆಯಾಯಿತು. ಒಂದು ಗಂಟೆಗೂ ಮೇಲ್ಪಟ್ಟು ಅದು ಸೋರಿ, ಆವಿಯು ಆವರಣವನ್ನೆಲ್ಲ ತುಂಬುವವರೆಗೆ ಬೆಂಕಿಯ ಸುಳಿವೇ ಇರಲಿಲ್ಲ. ಆಮೇಲೆ ಎಲ್ಲಿಯೋ ಒಂದು ಕಿಡಿ. ಹನ್ನೊಂದು ಜನ ಸತ್ತರೆಂದು ವಿಚಾರಣಾ ಸಮಿತಿಯು ವರದಿ ಮಾಡಿತು. ಟ್ಯಾಂಕುಗಳು ಸುಮಾರು ಹನ್ನೊಂದು ದಿನ ಉರಿದವು. ಮೂಗೂ ಇಲ್ಲಿ ನಂಬತಕ್ಕ ಪ್ರಮಾಣವಲ್ಲ, ಏಕೆಂದರೆ ದಿನವಿಡೀ ಆ ವಾಸನೆಯಲ್ಲಿರುವವನಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಪ್ರತ್ಯಕ್ಷವೂ ಅನುಮಾನವೂ ಸೋತ ಸ್ಥಳದಲ್ಲಿ ಉಳಿಯುವುದು ಯಂತ್ರದ ಅಳತೆ ಮತ್ತು ಅಳೆದವನು ಕೈಬರಹದಿಂದ ಕೊಟ್ಟ ಮಾತು. ಶಾಸನವು ಬರಹದ ಪ್ರಮಾಣಪತ್ರವನ್ನು ಕೇಳುವುದು ಗುಮಾಸ್ತಗಿರಿಯ ಚಪಲದಿಂದಲ್ಲ, ಈ ಕಾರಣದಿಂದ.

ಪ್ರಾಸಂಗಿಕವಾಗಿ ಒಂದು ಮಾತು. ನಮ್ಮ ಶಾಸನವು ಹುಟ್ಟಿದ್ದು ಬೆಂಕಿಯ ಭಯದಿಂದ. ಅಮೆರಿಕಾ ದೇಶದಲ್ಲಿ 1984ರಲ್ಲಿ ನೆಲದಡಿಯ ಟ್ಯಾಂಕುಗಳ ಶಾಸನವಾದದ್ದು ನೀರಿನ ಭಯದಿಂದ. ತುಕ್ಕು ಹಿಡಿದ ಟ್ಯಾಂಕುಗಳಿಂದ ಸೋರಿದ ಪೆಟ್ರೋಲು ಅಂತರ್ಜಲವನ್ನು ಸೇರುತ್ತಿತ್ತು. 1988ರ ನಿಯಮಗಳು ಹಳೆಯ ಟ್ಯಾಂಕುಗಳನ್ನು ಸರಿಪಡಿಸಲು ಅಥವಾ ಮುಚ್ಚಲು 1998ರ ಡಿಸೆಂಬರ್ 22ರವರೆಗೆ ಅವಕಾಶ ಕೊಟ್ಟವು. ನಮ್ಮಲ್ಲಿಯೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2020ರ ಜನವರಿಯಲ್ಲಿ, ಹೊಸ ಬಂಕುಗಳು ಶಾಲೆಗಳಿಂದಲೂ ಹತ್ತು ಹಾಸಿಗೆಗಳಿಗೆ ಕಡಿಮೆಯಿಲ್ಲದ ಆಸ್ಪತ್ರೆಗಳಿಂದಲೂ ವಾಸದ ಪ್ರದೇಶಗಳಿಂದಲೂ 50 ಮೀಟರು ದೂರವಿರಬೇಕೆಂದೂ, ಸ್ಥಳದ ಇಕ್ಕಟ್ಟಿದ್ದರೂ 30 ಮೀಟರಿಗಿಂತ ಹತ್ತಿರ ಬರಬಾರದೆಂದೂ ಮಾರ್ಗಸೂಚಿಯನ್ನು ಹೊರಡಿಸಿತು. ಸೋರಿಕೆಯೆಂಬುದು ನೆಲದಡಿಯಲ್ಲಿ ನಡೆಯುವ ಅಪ್ರತ್ಯಕ್ಷ ವ್ಯಾಪಾರ. “ಸೋರುತ್ತಿಲ್ಲ” ಎಂಬ ಅಭಾವವನ್ನು ಸಾಧಿಸುವ ಪರೀಕ್ಷೆಗಳ ವಿಚಾರವು ಬೇರೆ ಲೇಖನಕ್ಕೆ ತಕ್ಕದ್ದು.

ಶಿಷ್ಯನ ಅನುವಾದದಲ್ಲಿ “ಖಾಲಿ ಟ್ಯಾಂಕನ್ನು ಮುಚ್ಚಿಡತಕ್ಕದ್ದು” ಎಂದಿತ್ತು. ತಪ್ಪಿಲ್ಲ, ಆದರೆ ಏಕೆ ಮುಚ್ಚಬೇಕೆಂಬುದು ಹುಡುಗರಿಗೆ ತಿಳಿಯದು. ಖಾಲಿಯಾದದ್ದನ್ನು ಯಾರು ಕಾಯುತ್ತಾರೆ? ನಾವು “ತೈಲರಹಿತವಾದರೂ ಬಾಷ್ಪಸಹಿತವಾದ ಟ್ಯಾಂಕು” ಎಂದು ತಿದ್ದಿದೆವು. ಪ್ರತಿಯೋಗಿಗಳೆರಡೂ ಬೇರೆಬೇರೆಯಾಗಿ ನಿರ್ದಿಷ್ಟವಾದುವೆಂದು ಸಮಾಧಾನವಾಯಿತು. ಶಿಷ್ಯನು ವಿನಯದಿಂದ ತಲೆಯಾಡಿಸಿದನು. ಅವನ ಮುಖವನ್ನು ನೋಡಿದರೆ ಇದು ಬೋರ್ಡಿಗೆ ಹೋಗುವುದಿಲ್ಲವೆಂದು ತಿಳಿಯುತ್ತಿತ್ತು. ಆದ್ದರಿಂದ ಮುಂದಿನ ವಾರ ನಾವೇ ಬಂಕಿಗೆ ಹೋಗಿ “ಎಣ್ಣೆಯಿಲ್ಲ, ಆವಿಯಿದೆ” ಎಂಬ ಪಾಠವನ್ನು ಅಲ್ಲಿಯ ಹುಡುಗನೊಬ್ಬನಿಗೆ ಓದಿ ಹೇಳಿದೆವು. ಅವನು ಸ್ವಲ್ಪ ಯೋಚಿಸಿ, “ಸ್ವಾಮಿ, ಆವಿ ಬರಬೇಕಾದರೆ ಬಿಸಿ ಇರಬೇಕಲ್ಲ? ಟ್ಯಾಂಕು ತಣ್ಣಗಿರುತ್ತದೆ” ಎಂದನು. ನಾವು ನಿರುತ್ತರರಾದೆವು. ಕನ್ನಡದಲ್ಲಿ ಆವಿಯೂ ಹಬೆಯೂ ಒಲೆಯ ಮೇಲಿನ ಮಾತುಗಳು. ಇಡ್ಲಿಯ ಪಾತ್ರೆಯಿಂದ ಬರತಕ್ಕವು. ತಣ್ಣಗಿದ್ದು ಕಣ್ಣಿಗೆ ಕಾಣದೆ ಏಳುವ ವಸ್ತುವಿಗೆ ನಾವು ಕೊಟ್ಟ ಹೆಸರು ಅವನಿಗೆ ಬಾಧಿತವಾಗಿ ಕಂಡದ್ದು ನ್ಯಾಯವೇ. ಹಾಗಾದರೆ ನೀವು ಅದನ್ನು ಏನೆನ್ನುತ್ತೀರಿ ಎಂದು ಕೇಳಿದೆವು. “ಗ್ಯಾಸು ಕಟ್ಟಿದೆ ಅಂತೀವಿ” ಎಂದನು.

ಅಡಿಗೆಯ ಸಿಲಿಂಡರಿನಲ್ಲಿರುವುದಕ್ಕೂ ಇದೇ ಹೆಸರಿರುವುದರಿಂದ ನಮಗೆ ಈ ಶಬ್ದವು ಪೂರ್ಣವಾಗಿ ಒಪ್ಪಿಗೆಯಿಲ್ಲ. ಆದರೂ ಕಾಣದೆ ಹರಡುವುದು, ಕಿಡಿ ತಾಕಿದರೆ ಸಿಡಿಯುವುದು, ತಣ್ಣಗಿರುವುದು ಎಂಬ ಮೂರು ಅಂಶಗಳೂ ಆ ಒಂದು ಮಾತಿನಲ್ಲಿ ಅವನಿಗೆ ತಿಳಿದಿದ್ದವು. ಕಡೆಗೆ ಬೋರ್ಡಿನ ಮೇಲೆ ಬರೆಸಿದ್ದು ಹೀಗೆ: “ಪೆಟ್ರೋಲು ತೀರಿದೆ, ಗ್ಯಾಸು ತೀರಿಲ್ಲ. ಮುಚ್ಚಳ ತೆಗೆಯಬೇಡಿ, ಒಳಗೆ ಇಳಿಯಬೇಡಿ, ಬೆಂಕಿ ತರಬೇಡಿ. ಪರೀಕ್ಷೆಯ ಚೀಟಿ ಕೇಳಿ.” ಆವಿ, ಹಬೆ, ಬಾಷ್ಪ, ಅನಿಲ ಎಂಬುವುಗಳಲ್ಲಿ ಯಾವುದನ್ನು ಈ ಅರ್ಥಕ್ಕೆ ನಿಯಮಿಸಬೇಕು, ಅಥವಾ ನಮ್ಮ ಜಿಲ್ಲೆಗಳ ಕೆಲಸಗಾರರಲ್ಲಿ ಇದಕ್ಕಿಂತ ಉತ್ತಮವಾದ ಮಾತೊಂದು ಬಳಕೆಯಲ್ಲಿದೆಯೆ ಎಂಬುದನ್ನು ಬಲ್ಲ ವಿದ್ವಾಂಸರು ಈ ಪತ್ರಿಕೆಯ ಮೂಲಕ ತಿಳಿಸಿದರೆ ಉಪಕಾರವಾಗುತ್ತದೆ, ಬೋರ್ಡನ್ನು ಮತ್ತೆ ಬರೆಸಲು ನಮ್ಮ ಶಿಷ್ಯನು ಒಪ್ಪಿದ್ದಾನೆ.